ಜೋಡಣೆ ಇಲ್ಲದ ಚಾಪೆ

ಆ ಶೆಡ್ಡು ನಮಗೆ ಎಷ್ಟಕ್ಕೆ ಬಿತ್ತು ಅಂತ ಮೊದಲೇ ಹೇಳಿಬಿಡುತ್ತೇನೆ. ಕರೆಯುವ ಎಮ್ಮೆ ಒಂದು, ಅದರ ಕರು ಒಂದು, ನನ್ನ ಬಾಯಿಂದ ಜಾರಿದ ಮಾತು ಒಂದು. ಎಮ್ಮೆ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಅದು ಒದೆಯುವ ಎಮ್ಮೆ. ಒದೆಯುತ್ತದೆಯೇ ಅಂತ ಕೇಳಿದ್ದರೆ ಒದೆಯುತ್ತದೆ ಅಂತಲೇ ಹೇಳುತ್ತಿದ್ದೆ. ತಗೊಂಡವನು ಹಾಲೆಷ್ಟು ಅಂತ ಮಾತ್ರ ಕೇಳಿದ. ದುಬಾರಿಯಾದದ್ದು ಆ ಮಾತು. ಅದನ್ನು ಉಳಿಸಿಕೊಳ್ಳಲು ಅರವತ್ತು ಜನಕ್ಕೆ ಒಂಬತ್ತು ವರ್ಷ ಹಿಡಿಯಿತು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚಿನ ಸಂಗತಿ. ನಾನು ಬಂಗಾರಪೇಟೆಯವಳು. ಬೆಳಗಿನ ರೈಲಿಗೆ ಸೊಪ್ಪು, ಬದನೆಕಾಯಿ ಹೊತ್ತು ಕೋಲಾರದ ಚಿನ್ನದ ಗಣಿಯ ಕಡೆ ಹೋಗಿ ಮಾರುತ್ತಿದ್ದೆ. ಕೋರಮಂಡಲದಲ್ಲಿ ಇಳಿದರೆ ತಮಿಳಿನಲ್ಲಿ ಚೌಕಾಸಿ, ಮುಂದಿನ ಬೀದಿಗೆ ಹೋದರೆ ತೆಲುಗಿನಲ್ಲಿ ಚೌಕಾಸಿ, ಬೈಯುವುದು ಮಾತ್ರ ಕನ್ನಡದಲ್ಲಿ. ಹೀಗೆ ಕಟ್ಟಿನ ಮೇಲೆ ಕಟ್ಟು ಸೊಪ್ಪು ಮಾರಿಯೇ ಬಂಗಾರಪೇಟೆಯಲ್ಲಿ ಒಂದು ಅಂಗಡಿ ಇಟ್ಟೆ. ಎದುರಿಗಿರುವವರಿಗೆ ಏನು ಬೇಕು ಅಂತ ತಿಳಿದರೆ ಸಾಕು, ಅವರ ಕೈಯಲ್ಲಿರುವುದು ನಮ್ಮ ಕೈಗೆ ಬರುತ್ತದೆ ಅನ್ನುವುದು ನನ್ನ ಬದುಕಿನ ಲೆಕ್ಕಾಚಾರವಾಗಿತ್ತು. ಅದನ್ನು ಕೆಡಿಸಿದ್ದು ಒಂದು ಚಾಪೆ.

ನನಗೆ ಬುಟ್ಟಿ ಹೆಣೆದುಕೊಡುತ್ತಿದ್ದವನು ಚಾಂಪಿಯನ್ ರೀಫ್ಸಿನ ರೈಲು ನಿಲ್ದಾಣದ ಹೊರಗೆ ಕೂರುತ್ತಿದ್ದ ಒಬ್ಬ ಒಂಟಿಕಾಲಿನವನು. ಗಣಿಯೊಳಗೆ ಬಂಡೆ ಕುಸಿದು ಅವನ ಎಡಗಾಲು ಮಂಡಿಯ ಕೆಳಗೆ ಹೋಗಿತ್ತು. ಕಾಲು ಹೋದ ಮೇಲೆ ಕೆಲಸ ಹೋಯಿತು, ಕೆಲಸ ಹೋದ ಮೇಲೆ ಗಣಿ ಕೂಲಿಗಳ ಲೈನಿನಲ್ಲಿದ್ದ ತಟ್ಟಿಮನೆಯೂ ಹೋಯಿತು, ಯಾಕೆಂದರೆ ಆ ಮನೆಗಳು ಗಣಿಗೆ ಇಳಿಯುವವರಿಗೆ ಮಾತ್ರ. ಈಚಲುಗರಿಯಲ್ಲಿ ಅವನ ಕೈಗೆ ಬಾರದ ಕೆಲಸವಿರಲಿಲ್ಲ. ಎಲ್ಲರೂ ಅವನನ್ನು ಮೇಸ್ತ್ರಿ ಅನ್ನುತ್ತಿದ್ದರು. ವ್ಯಾಪಾರದಲ್ಲಿ ಮಾತ್ರ ಶುದ್ಧ ದಡ್ಡ. ನಾನು ಬಾಯಿ ತೆರೆಯುವ ಮೊದಲೇ ಬೆಲೆ ಇಳಿಸುತ್ತಿದ್ದ. ಅವನಿಗೆ ಅನ್ಯಾಯವಾಗದಿರಲಿ ಅಂತ ನಾನೇ ಏರಿಸಬೇಕಾಗುತ್ತಿತ್ತು. ನನ್ನ ಜನ್ಮದಲ್ಲಿ ಬೆಲೆ ಏರಿಸಿ ಚೌಕಾಸಿ ಮಾಡಿದ್ದು ಅವನೊಬ್ಬನ ಹತ್ತಿರ.

ಅವನ ಸುತ್ತ ಜನ ಸೇರತೊಡಗಿದರು. ನನ್ನ ಜೊತೆ ರೈಲಿಗೆ ಬರುತ್ತಿದ್ದ ಹಳ್ಳಿಯ ಹೆಂಗಸರು, ಲೈನಿನ ಹೆಂಗಸರು, ಪಾಳಿ ಮುಗಿಸಿ ಮೇಲೆ ಬಂದ ಗಣಿಯ ಗಂಡಸರು. ಅವರವರ ಹೊತ್ತಿಗೆ ಬಂದು, ಬಿಸಿಲಲ್ಲೇ ಕೂತು ಬುಟ್ಟಿ, ಚಾಪೆ, ಮೊರ ಹೆಣೆಯುವುದು. ಹೆಣೆದದ್ದನ್ನು ಗಣಿಯಲ್ಲಿ ಕೈಕಾಲು ಕಳೆದುಕೊಂಡವರ ಮನೆಗೆ, ಗಂಡಸು ಮೇಲೆ ಬಾರದೇ ಹೋದ ಮನೆಗೆ ಕೊಟ್ಟುಬಿಡುವುದು. ಮಾರಿಕೊಂಡರೂ ಸರಿ, ಬಳಸಿದರೂ ಸರಿ. ಕೂಲಿ ಯಾರಿಗೂ ಇಲ್ಲ. ಯಾಕೆ ಬರುತ್ತೀರಿ ಅಂತ ಕೇಳಿದರೆ, ‘ಮನೇಲಿ ಕೂತ್ರೂ ಕೂತಂಗೇ ಅಲ್ವಾ’ ಅನ್ನುತ್ತಿದ್ದರು. ನನಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಅರ್ಥವಾಗದ ವ್ಯಾಪಾರದಲ್ಲಿ ಏನೋ ದೊಡ್ಡ ಲಾಭ ಇರಬೇಕು ಅಂತ ನಾನೂ ಸೇರಿಕೊಂಡೆ.

ನೆರಳು ಬೇಕು, ಮೇಸ್ತ್ರಿಗೆ ಮಲಗಲು ಸೂರು ಬೇಕು. ಇಲ್ಲದಿದ್ದರೆ ಅವನು ಕುಪ್ಪಂ ಕಡೆ ತಮ್ಮನ ಮಾವನ ಮನೆಗೆ ಹೋಗಿ ದನದ ಕೊಟ್ಟಿಗೆಯಲ್ಲಿ ಬಿದ್ದುಕೊಳ್ಳಬೇಕಿತ್ತು. ಹಾಗಂತ ಅವರೇ ಹೇಳಿ ಕಳಿಸಿದ್ದರು. ‘ಬಂದ್ರೆ ಬಾ, ಕೊಟ್ಟಿಗೆ ಐತೆ’ ಅಂತ.

ನಿಲ್ದಾಣದ ಹಿಂದೆ ಹೇಸರಗತ್ತೆಗಳ ಹಳೆಯ ಲಾಯ ಒಂದು ಖಾಲಿ ಬಿದ್ದಿತ್ತು; ನಾನು ಹೇಳಿದ ಶೆಡ್ಡು ಅದೇ. ಖಾಲಿ ಅಂದರೆ, ಒಬ್ಬ ಹಾಲಿನವನು ಅದರಲ್ಲಿ ಹಸು ಕಟ್ಟುತ್ತಿದ್ದ. ಅವನನ್ನು ಎಬ್ಬಿಸಲು ನನ್ನ ಎಮ್ಮೆ ಹೋಯಿತು. ಅಪ್ಪಣೆ ಕೊಡಬೇಕಾದವನು ಗಣಿಯ ಒಬ್ಬ ಬಿಳಿ ದೊರೆ. ಅವನ ಬಂಗಲೆಗೆ ಸೊಪ್ಪು ಕೊಡುತ್ತಿದ್ದವಳು ನಾನೇ. ಅವನಿಗೆ ಏನು ಬೇಕು ಅಂತ ಅಡುಗೆಯವನ ಮೂಲಕ ವಿಚಾರಿಸಿದೆ. ದೊರೆಗಳು ಕುಣಿಯುವ ಕ್ಲಬ್ಬಿನ ಹಾಲಿನಲ್ಲಿ ಹಾಸಿದ್ದ ಚಾಪೆಯ ಜೋಡಣೆಗೆ ದೊರೆಸಾನಿಯ ಹಿಮ್ಮಡಿ ಸಿಕ್ಕಿ, ಆಕೆ ಕೈಯಲ್ಲಿದ್ದ ಕೇಕಿನ ಸಮೇತ ಮಕಾಡೆ ಬಿದ್ದಿದ್ದಳಂತೆ. ಅವತ್ತಿನಿಂದ ಆ ಮನೆಯಲ್ಲಿ ಚಾಪೆಯ ಮಾತೆತ್ತುವ ಹಾಗಿರಲಿಲ್ಲ.

ನಾನು ಎತ್ತಿದೆ. ‘ಜೋಡಣೆಯೇ ಇಲ್ಲದ ಚಾಪೆ ಕೊಡುತ್ತೇವೆ. ಮೂವತ್ತು ಮೊಳ ಉದ್ದ, ಹನ್ನೆರಡು ಮೊಳ ಅಗಲ, ಒಂದೇ ಹೆಣಿಗೆ. ಬರುವ ಕ್ರಿಸ್‌ಮಸ್ಸಿಗೆ ಕುಣಿಯುವ ಹಾಲಿನಲ್ಲಿರುತ್ತದೆ,’ ಅಂದುಬಿಟ್ಟೆ. ದೊರೆ ಒಪ್ಪಿದ. ಆದರೆ ಚಾಪೆ ಬಾರದಿದ್ದರೆ ಲಾಯ ತನ್ನ ಕುದುರೆಗಳಿಗೆ ಅಂದ. ಮೇಸ್ತ್ರಿಗೆ ಹೇಳಿದಾಗ ಅವನು ಬಾಯಲ್ಲಿದ್ದ ಈಚಲ ಎಸಳನ್ನು ತೆಗೆದು, ‘ಅಕ್ಕಯ್ಯ, ಅಷ್ಟುದ್ದದ ಚಾಪೆ ಇದುವರ್ಗೂ ಯಾರೂ ಮಾಡಿಲ್ಲ’ ಅಂದ. ‘ಮಾಡಿದ್ದರೆ ಅವರ ಹತ್ತಿರವೇ ಕೊಂಡುಕೊಳ್ಳುತ್ತಿದ್ದರಲ್ಲೋ’ ಅಂದೆ.

ಮೊದಲ ಭಾಗವನ್ನು ಮೇಸ್ತ್ರಿಯೇ ಹಾಕಿದ. ನಕ್ಷತ್ರದ ಹೆಣಿಗೆ; ಅದು ಅವನೊಬ್ಬನಿಗೇ ಬರುತ್ತಿದ್ದದ್ದು. ಅವನ ಊರುಗೋಲಿನಿಂದ ಅಳೆದರೆ ಇಡೀ ಚಾಪೆ ಹನ್ನೆರಡು ಊರುಗೋಲು ಆಗಬೇಕು. ನಾಲ್ಕು ಊರುಗೋಲು ಅವನು ಮುಗಿಸಿ, ಉಳಿದದ್ದನ್ನು ಜನಕ್ಕೆ ಬಿಟ್ಟು, ಹಿತ್ತಿಲಲ್ಲಿ ಗರಿ ಸೀಳುತ್ತ ಕೂತ. ಅವನಿಗೆ ಕೆಮ್ಮು ಆಗಲೇ ಶುರುವಾಗಿತ್ತು.

ಜನ ಮೂರು ಪಾಳಿಯಲ್ಲಿ ಬರುತ್ತಿದ್ದರು. ಗಣಿಯಲ್ಲಿ ಎಲ್ಲವೂ ಪಾಳಿಯೇ. ಮದುವೆ ಊಟ ಕೂಡ ಪಾಳಿಯಲ್ಲಿ. ಬೆಳಗಿನ ರೈಲಿಗೆ ಬಂಗಾರಪೇಟೆ ಕಡೆಯ ಹಳ್ಳಿ ಹೆಂಗಸರು. ಅವರಿಗೆ ಮುಂದಾಳು ನನ್ನ ಓರಗಿತ್ತಿ. ಅವರು ಊಟಕ್ಕೆ ಎದ್ದು ಹೊರಟ ಮೇಲೆ ಮಧ್ಯಾಹ್ನ ಲೈನಿನ ಹೆಂಗಸರು. ಅವರಿಗೆ ಮುಂದಾಳು ಒಬ್ಬ ಸೂಲಗಿತ್ತಿ, ಆ ಲೈನಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಮೂರು ಗಂಟೆಯ ಸೈರನ್ ಕೂಗು ಆದ ಮೇಲೆ ಗಣಿಯಿಂದ ಎದ್ದು ಬಂದ ಗಂಡಸರು. ಅವರಿಗೆ ಮುಂದಾಳು ಸುರಂಗದ ಬಂಡೆಗೆ ಮರದ ದಿಮ್ಮಿ ಆನಿಸುವವನು, ಎಲ್ಲರ ಬಾಯಲ್ಲೂ ‘ದಿಮ್ಮಿಯವ’. ಒಂದು ಪಾಳಿಯವರು ಇನ್ನೊಂದು ಪಾಳಿಯವರ ಮುಖ ಕಂಡದ್ದೇ ಇಲ್ಲ.

ನಾನು ವಾರಕ್ಕೆ ಎರಡು ಸಲ ಹೋಗಿ ಅಳೆಯುತ್ತಿದ್ದೆ. ಮೊದಲ ವಾರ ನಾಲ್ಕೂಕಾಲು ಊರುಗೋಲು. ಎರಡನೇ ವಾರ ನಾಲ್ಕೂಕಾಲು. ತಿಂಗಳಾಯಿತು, ನಾಲ್ಕೂಕಾಲು. ದಿನಕ್ಕೆ ಮೂರು ಹೊರೆ ಗರಿ ಖರ್ಚಾಗುತ್ತಿದೆ, ಅರವತ್ತು ಜನರ ಬೆರಳು ಸವೆಯುತ್ತಿದೆ, ಯಾರನ್ನು ಕೇಳಿದರೂ ‘ಭರ್ಜರಿ ಸಾಗ್ತೈತೆ ಕಣಕ್ಕ’ ಅನ್ನುತ್ತಾರೆ. ಚಾಪೆ ಮಾತ್ರ ನಾಲ್ಕೂಕಾಲು.

ಇಲಿ ಇರಬೇಕು ಅಂದರು. ಬೆಕ್ಕು ತಂದೆ, ಬೆಕ್ಕು ಚಾಪೆಯ ಮೇಲೆ ಮಲಗಿತು. ಗಣಿಯೊಳಗೆ ಬಂಡೆ ಸಿಡಿದಾಗಲೆಲ್ಲ ನೆಲ ಅದುರುತ್ತದಲ್ಲ, ಒಂದೊಂದು ಅದುರಿಗೂ ಚಾಪೆ ಒಂದೊಂದು ಬೆರಳು ಕುಗ್ಗುತ್ತದೆ ಅಂದ ಒಬ್ಬ. ಇದನ್ನು ನಂಬಿ ಚಾಪೆಯ ನಾಲ್ಕು ಮೂಲೆಗೂ ಗುಂಡುಕಲ್ಲು ಇಟ್ಟೆವು. ಅಳತೆಯೇ ತಪ್ಪಿರಬಹುದು ಅಂತ ಮೇಸ್ತ್ರಿಯನ್ನು ಕೇಳಿದರೆ ಅವನು ಊರುಗೋಲಿನ ತುದಿ ತೋರಿಸಿ, ‘ಇದೂ ಸವೀತಾ ಐತೆ ಅಕ್ಕಯ್ಯ’ ಅಂದ.

‘ಊರುಗೋಲು ಸವೆದರೆ ಚಾಪೆ ಜಾಸ್ತಿ ಬರಬೇಕಲ್ಲೋ!’

‘ಚಾಪೇನೂ ಸವೀತೈತೆ. ಎಲ್ಡೂ ಒಂದೇ ಸಮ ಸವೀತವೆ.’

ಇದಕ್ಕೆ ಉತ್ತರ ಹುಡುಕುತ್ತ ರೈಲು ತಪ್ಪಿಸಿಕೊಂಡೆ.

ಕೂಲಿಯವರಾಗಿದ್ದರೆ ನಾನು ಒಂದು ಗಂಟೆಯಲ್ಲಿ ನೆಟ್ಟಗೆ ಮಾಡುತ್ತಿದ್ದೆ. ಕೂಲಿ ಕಡಿಮೆ ಮಾಡುತ್ತೇನೆ ಅನ್ನಬಹುದಿತ್ತು, ಜಾಸ್ತಿ ಕೊಡುತ್ತೇನೆ ಅನ್ನಬಹುದಿತ್ತು. ಬೆಲೆಯೇ ಕೇಳದವರ ಹತ್ತಿರ ಚೌಕಾಸಿ ಮಾಡುವುದು ಹೇಗೆ? ಕಿವಿ ಇಲ್ಲದವನ ಕಿವಿ ಹಿಂಡಲು ಹೊರಟ ಹಾಗೆ. ಬೈದರೆ ನಾಳೆಯಿಂದ ಬರುವುದಿಲ್ಲ. ಹೊಗಳಿದರೆ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬರುತ್ತಾರೆ, ಚಾಪೆ ಅಷ್ಟೇ ಇರುತ್ತದೆ.

ಕೊನೆಗೆ ಕದ್ದು ನೋಡಲು ತೀರ್ಮಾನಿಸಿದೆ. ಶೆಡ್ಡಿನ ಮೂಲೆಯಲ್ಲಿ ರಾಗಿ ತುಂಬಲು ಹೆಣೆದ ದೊಡ್ಡ ತೊಂಬೆಯೊಂದು ನಿಂತಿತ್ತು, ಎದೆಮಟ್ಟಕ್ಕಿಂತ ಎತ್ತರ. ಬೆಳಗಿನ ರೈಲಿಗೂ ಮೊದಲೇ ಬಂದು, ಮಡಿಲಲ್ಲಿ ಕಡಲೆಪುರಿ ಕಟ್ಟಿಕೊಂಡು, ಅದರೊಳಗೆ ಇಳಿದು ಮೊರ ಮುಚ್ಚಿಕೊಂಡೆ. ನೀರು ತಗೊಂಡು ಹೋಗಲಿಲ್ಲ. ಅದು ತಪ್ಪಾಯಿತು.

ಹಳ್ಳಿಯವರು ಬಂದರು. ನನ್ನ ಓರಗಿತ್ತಿ ಚಾಪೆಯ ಮುಂದೆ ಕೂತು ನಿಟ್ಟುಸಿರು ಬಿಟ್ಟಳು.

‘ನೋಡ್ರೇ, ನಿನ್ನೆ ಮತ್ತೆ ಮೂರೆಳೆ ಆಕವ್ರೆ. ರಾಗಿ ಒಣಗಾಕೋ ಚಾಪೆ ಅನ್ಕಂಡವ್ರೇನೋ! ದೊರೆಸಾನಿ ಇದ್ರ ಮೇಲೆ ಕುಣೀಬೇಕಾ?’

‘ಏಳ್ಬೇಕು ಕಣಕ್ಕ ಅವ್ರಿಗೆ.’

‘ಬ್ಯಾಡ ಸುಮ್ಕಿರು. ಪಾಪ, ಈಗಿನ್ನೂ ಕಲೀತಾವ್ರೆ. ಮುಖಕ್ಕೆ ಏಳಿದ್ರೆ ನೊಂದ್ಕಂತಾರೆ. ಸದ್ದಿಲ್ದಂಗೆ ಬಿಚ್ಚಿ ಒಂದೆಳೆ ಆಕ್ಬುಡಾನ.’

‘ನಿನ್ನೆ ನಾವು ಆಕಿದ್ದೂ ಇಲ್ವಲ್ಲಕ್ಕ?’

‘ಬಿಚ್ಚಿ ನೋಡಿ ಕಲ್ತಿರ್ತಾರೆ. ಕಲೀಲಿ ಬಿಡು.’

ಕಾಲು ಊರುಗೋಲು ಬಿಚ್ಚಿದರು, ಕಾಲು ಊರುಗೋಲು ಹೆಣೆದರು, ತೃಪ್ತಿಯಿಂದ ಎದ್ದು ಹೋದರು. ಮಧ್ಯಾಹ್ನ ಲೈನಿನವರು ಬಂದರು. ಸೂಲಗಿತ್ತಿ ಹೊಸಿಲಲ್ಲೇ ನಿಂತು ಎದೆ ಮುಟ್ಟಿಕೊಂಡಳು. ‘ಅಯ್ಯಯ್ಯೋ ದೇವುಡಾ! ಇವತ್ತೂ ಒಂದೆಳೆ!’ ಅವರ ಲೈನಿನಲ್ಲಿ ಒಂದೆಳೆ ಚಾಪೆ ಹೆಣೆಯುವುದು ಹೆಣ ಸುತ್ತುವುದಕ್ಕೆ ಮಾತ್ರ. ‘ಹಳ್ಳಿ ಅಮ್ಮಗಳು, ಪಾಪ, ಗೊತ್ತಿಲ್ಲ. ಕುಣಿಯೋ ಜಾಗಕ್ಕೆ ಇದನ್ನ ಹಾಸ್ತಾರಾ? ಬೇಗ ತೆಗೀರಮ್ಮ. ಯಾರಿಗೂ ಹೇಳ್ಬೇಡಿ, ಅವ್ರಿಗೆ ಅವಮಾನ ಆಗ್ತದೆ.’ ಬಿಚ್ಚಿದರು. ಎರಡೆಳೆ ಹಾಕಿದರು. ಹಾಡಿಕೊಂಡು ಹಾಕಿದರು.

ನನಗೆ ತೊಂಬೆಯೊಳಗೆ ಎರಡು ಕಾಲೂ ಜೋಮು ಹಿಡಿದಿದ್ದವು. ಕಡಲೆಪುರಿ ಗಂಟಲಿಗೆ ಅಂಟಿಕೊಂಡಿತ್ತು.

ಮೂರರ ಕೂಗು ಆಯಿತು. ಗಂಡಸರು ಬಂದರು. ಇವರು ಬೈಯಲೂ ಇಲ್ಲ, ನಿಟ್ಟುಸಿರೂ ಇಲ್ಲ. ದಿಮ್ಮಿಯವ ಒಂದು ಕೋಲು ತಗೊಂಡು ಚಾಪೆಯ ಹೊಸ ಅಂಚಿನ ಉದ್ದಕ್ಕೂ ಟಕಟಕ ತಟ್ಟುತ್ತ, ಕಿವಿ ಕೊಟ್ಟು ಕೇಳುತ್ತ ಹೋದ. ಗಣಿಯಲ್ಲಿ ಹಾಗೆ. ಪಾಳಿ ಶುರುವಾಗುವ ಮೊದಲು ಹಿಂದಿನ ಪಾಳಿಯವರು ಬಿಟ್ಟುಹೋದ ಬಂಡೆಯನ್ನು ತಟ್ಟಿ ನೋಡಬೇಕು; ಸಡಿಲ ಇದ್ದದ್ದನ್ನೆಲ್ಲ ಮೊದಲು ಕೆಡವಿ ಆಮೇಲೆ ಕೆಲಸಕ್ಕೆ ಕೈ ಹಚ್ಚಬೇಕು. ಇಲ್ಲವಾದರೆ ತಲೆ ಮೇಲೆ ಬರುತ್ತದೆ. ಆ ಅಭ್ಯಾಸ ಅವರ ಮೈಯಲ್ಲಿ ಕೂತಿತ್ತು. ಚಾಪೆ ನೆಲದ ಮೇಲಿದೆ, ತಲೆ ಮೇಲೆ ಬೀಳುವುದಿಲ್ಲ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ.

‘ಇದು ಸಡ್ಲ.’

‘ಕೆಡವು.’

‘ಇದು?’

‘ಅದೂ ಸಡ್ಲವೇ. ಎಂಗಸ್ರ ಕೈ ಅಲ್ವಾ, ಪಾಪ. ಕೆಡವು.’

ಪೂರ್ತಿ ಕೆಡವಿದರು. ಮೂರೆಳೆ ಹಾಕಿ, ಮರದ ಬೆಣೆ ಬಡಿದು ಬಿಗಿ ಮಾಡಿದರು. ಹೋಗುವಾಗ ದಿಮ್ಮಿಯವ ತಿರುಗಿ ನೋಡಿ, ‘ಇನ್ನು ಯಾವ ಭಯನೂ ಇಲ್ಲ’ ಅಂದ.

ಎಲ್ಲರೂ ಹೋದ ಮೇಲೆ ಏಳಲು ಹೋದರೆ ಆಗಲಿಲ್ಲ. ತೊಂಬೆಯ ಸಮೇತ ಮಗುಚಿಕೊಂಡೆ. ಮೇಸ್ತ್ರಿ ಕುಂಟುತ್ತ ಬಂದು, ಆಶ್ಚರ್ಯವೇ ಇಲ್ಲದೆ, ಊರುಗೋಲು ನನ್ನ ಕೈಗೆ ಕೊಟ್ಟು ಎಬ್ಬಿಸಿದ.

‘ನಿನಗೆ ಗೊತ್ತಿತ್ತೇನೋ?’ ಅಂದೆ.

‘ಮೊದಲ್ನೇ ವಾರದಿಂದ.’

‘ಮತ್ತೆ ಊರುಗೋಲು ಸವೀತೈತೆ ಅಂದೆ?’

‘ನಿನ್ನ ಸಮಾಧಾನಕ್ಕೆ ಅಂದೆ.’

‘ಹೇಳಬಾರದಿತ್ತೇನೋ! ಹೋಗುವುದು ನಿನ್ನ ಸೂರು ಕಣೋ, ನನ್ನದಲ್ಲ!’

ಅವನು ಸ್ವಲ್ಪ ಹೊತ್ತು ಕೆಮ್ಮಿದ. ‘ಏಳಿದ್ರೆ ಅವ್ರು ಬರೋದು ಬಿಟ್ಬುಡ್ತಾರೆ ಅಕ್ಕಯ್ಯ. ಯಾರೂ ಬರ್ದೇ ಇರೋ ಸೂರು ಇಟ್ಕಂಡು ನಾನೇನು ಮಾಡ್ಲಿ? ಕೊಟ್ಟಿಗೇಲಾದ್ರೂ ಅಸ ಇರ್ತಾವೆ.’

ನಾನು ಬಿಡುವವಳೇ? ಒಂದೊಂದು ಪಾಳಿಯ ಮುಂದಾಳನ್ನೂ ಬೇರೆಬೇರೆಯಾಗಿ ಕಂಡು, ಬೇರೆಯವರ ಹೆಣಿಗೆ ಮುಟ್ಟಬೇಡಿ, ಅವರವರದು ಅವರವರಿಗೆ ಅಂತ ಹೇಳಿದೆ. ಮೂವರೂ ತಕ್ಷಣ ಒಪ್ಪಿದರು. ‘ನಾವ್ಯಾಕೆ ಮುಟ್ಟಾನ!’ ಅಂದಳು ಓರಗಿತ್ತಿ. ಮಾರನೆಯ ದಿನವೂ ಬಿಚ್ಚಿದರು. ಅವರ ಪ್ರಕಾರ ಅದು ಮುಟ್ಟುವುದಲ್ಲ, ತಿದ್ದುವುದು.

ಕ್ರಿಸ್‌ಮಸ್ ಬಂದೇಬಿಟ್ಟಿತು. ಹಬ್ಬದ ಹಿಂದಿನ ದಿನ ದೊರೆ ಚಾಪೆ ನೋಡಲು ಬರುತ್ತಾನೆ ಅಂತ ಅವನ ಗುಮಾಸ್ತ ಹೇಳಿಕಳಿಸಿದ. ನಾನು ಒಂದು ಉಪಾಯ ಮಾಡಿದೆ: ಮೂರು ಪಾಳಿಯವರನ್ನೂ ಒಟ್ಟಿಗೆ ಕರೆಸಿದೆ. ಅರವತ್ತು ಜನ ಒಮ್ಮೆಗೇ ಹೆಣೆಯುವುದನ್ನು ಕಂಡರೆ ದೊರೆ ಇನ್ನೊಂದು ತಿಂಗಳಾದರೂ ಕೊಡುತ್ತಾನೆ ಅನ್ನುವುದು ನನ್ನ ಎಣಿಕೆ.

ಅರವತ್ತು ಜನ ಬಂದರು. ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು. ನಮಸ್ಕಾರ, ವೀಳ್ಯ, ಸೌಖ್ಯವಿಚಾರ ಎಲ್ಲ ಆಯಿತು. ಆಮೇಲೆ ಚಾಪೆಯ ಸುತ್ತ ಗರಿ ಹಿಡಿದು ಕೂತರು. ಕೂತೇ ಇದ್ದರು. ತಿದ್ದದೆ ಮುಂದಕ್ಕೆ ಹೆಣೆಯಲು ಮನಸ್ಸು ಬಾರದು. ತಪ್ಪು ಮಾಡಿದವರ ಎದುರಿಗೇ ತಿದ್ದಲು ಮುಖ ಬಾರದು. ಅವರು ಎದ್ದು ಹೋಗಲಿ ಅಂತ ಇವರು, ಇವರು ಎದ್ದು ಹೋಗಲಿ ಅಂತ ಅವರು. ದೊರೆ, ದೊರೆಸಾನಿ, ಗುಮಾಸ್ತ ಒಳಗೆ ಬಂದಾಗ ಅರವತ್ತು ಜನ ಉಸಿರು ಹಿಡಿದು, ಒಂದೊಂದು ಎಸಳು ಕೈಯಲ್ಲಿ ಹಿಡಿದು, ನಗುಮುಖದಲ್ಲಿ ಅಲ್ಲಾಡದೆ ಕೂತಿದ್ದರು.

ದೊರೆ ಗಡಿಯಾರ ನೋಡಿಕೊಂಡ. ಏನೋ ಅಂದ. ಗುಮಾಸ್ತ ಕನ್ನಡದಲ್ಲಿ, ‘ಇವರು ಏನು ಮಾಡುತ್ತಿದ್ದಾರೆ ಅಂತ ಕೇಳುತ್ತಾರೆ’ ಅಂದ.

‘ಯೋಚಿಸುತ್ತಿದ್ದಾರೆ ಅಂತ ಹೇಳಿ,’ ಅಂದೆ. ‘ಜೋಡಣೆ ಇಲ್ಲದ ಚಾಪೆ. ಕೈಗಿಂತ ತಲೆಯ ಕೆಲಸ ಜಾಸ್ತಿ.’

ಚಾಪೆಯ ಮೂರರಲ್ಲಿ ಎರಡು ಪಾಲು ಇಲ್ಲದಿರುವುದು ಯಾರ ಕಣ್ಣಿಗಾದರೂ ಕಾಣುತ್ತಿತ್ತು. ದೊರೆ ಲಾಯದ ಗೋಡೆಯನ್ನು ನೋಡತೊಡಗಿದ, ಕುದುರೆಯನ್ನು ಎಲ್ಲಿ ಕಟ್ಟಬಹುದು ಅನ್ನುವ ನೋಟ. ಮೂಲೆಯಲ್ಲಿ ಮೇಸ್ತ್ರಿ ತನ್ನ ಕಂಬಳಿಯನ್ನು ಆಗಲೇ ಮಡಿಸುತ್ತಿದ್ದ. ಈ ಮನುಷ್ಯನಿಗೆ ಬೆಲೆ ಏರಿಸಲು ಈಗಲೂ ನಾನೇ ಬೇಕು.

ನಾನು ದೊರೆಯನ್ನು ಬಿಟ್ಟು ದೊರೆಸಾನಿಯ ಕಡೆ ತಿರುಗಿದೆ. ‘ಅಮ್ಮಾವ್ರಿಗೆ ಹೇಳಿ, ಇವತ್ತೇ ಬೇಕಾದರೆ ಇವತ್ತೇ ಕೊಡುತ್ತೇವೆ. ಇನ್ನೆರಡು ಹಳೆಯ ಚಾಪೆ ತಂದು ಇದಕ್ಕೆ ಹೊಲಿದುಬಿಡುತ್ತೇವೆ. ಎರಡೇ ಎರಡು ಜೋಡಣೆ.’

ಗುಮಾಸ್ತ ಹೇಳಿದ. ದೊರೆಸಾನಿ ಕಾಲು ಹಿಂದಕ್ಕೆ ಎಳೆದುಕೊಂಡು ಗಂಡನಿಗೆ ಏನೇನೋ ಅಂದಳು. ಜೋಡಣೆ ಕೂಡದು, ಒಂದೂ ಕೂಡದು ಅಂತ ಗುಮಾಸ್ತ ಹೇಳುವ ಮೊದಲೇ ನನಗೆ ತಿಳಿಯಿತು.

‘ಹಾಗಾದರೆ ಮುಗಿಯುವ ತನಕ ಇದು ಇಲ್ಲೇ ಇರಬೇಕು,’ ಅಂದೆ. ‘ನಡುವೆ ಸ್ಥಳ ಬದಲಾಯಿಸಿದರೆ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದಲ್ಲಿ ಜೋಡಣೆಯಂತೆ ಉಬ್ಬುತ್ತದೆ, ಹಿಮ್ಮಡಿ ಸಿಗುತ್ತದೆ.’

ದೊರೆಗೆ ಊಟದ ಹೊತ್ತು ಮೀರುತ್ತಿತ್ತು. ಸರಿ, ಚಾಪೆ ಮುಗಿಯುವವರೆಗೆ ಇರಲಿ ಅಂದುಬಿಟ್ಟ. ನಾನು ಗುಮಾಸ್ತನ ಮುಂದೆ ಕಾಗದ ಹಿಡಿದೆ. ಸೊಪ್ಪಿನ ಚೀಲದಲ್ಲಿ ಕಾಗದ, ಶಾಯಿ ಎರಡೂ ಇಟ್ಟುಕೊಂಡೇ ಹೋಗಿದ್ದೆ. ‘ಚಾಪೆ ಮುಗಿಯುವವರೆಗೆ ಶೆಡ್ಡು ಇವರದು.’ ಅಷ್ಟೇ. ದೊರೆಯ ರುಜು. ಅವರು ಹೊರಟ ಮೇಲೆ ಆ ಕಾಗದವನ್ನು ಎರಡು ಸಲ ಓದಿಕೊಂಡೆ. ಆಗ ಹೊಳೆಯಿತು ನೋಡಿ. ಈ ಚಾಪೆ ಮುಗಿಯುವ ಚಾಪೆಯೇ ಅಲ್ಲ! ಅರವತ್ತು ಜನ ದಿನಕ್ಕೆ ಮೂರು ಸಲ, ಬಿಡಿಗಾಸು ಕೇಳದೆ, ಅದು ಮುಗಿಯದ ಹಾಗೆ ನೋಡಿಕೊಳ್ಳುತ್ತಿದ್ದಾರೆ. ನಾನು ಜನ್ಮದಲ್ಲಿ ಮಾಡಿದ ಅತ್ಯುತ್ತಮ ವ್ಯಾಪಾರ ಅದು. ಅವತ್ತಿನಿಂದ ಅಳೆಯುವುದನ್ನು ಬಿಟ್ಟೆ.

ನಾಲ್ಕು ವರ್ಷ ಸುಖವಾಗಿ ಕಳೆಯಿತು. ಚಾಪೆಯ ಒಂದು ಪಕ್ಕ ಬುಟ್ಟಿ, ಮೊರ, ತೊಟ್ಟಿಲು ಎಲ್ಲ ತಯಾರಾಗಿ ಮನೆಮನೆಗೆ ಹೋಗುತ್ತಿದ್ದವು. ಮಧ್ಯದಲ್ಲಿ ಚಾಪೆ ನಾಲ್ಕೂಕಾಲು. ದೊರೆ ವರ್ಷಕ್ಕೊಮ್ಮೆ ಕೇಳಿಸುತ್ತಿದ್ದ. ‘ಯೋಚಿಸುತ್ತಿದ್ದಾರೆ’ ಅಂತ ಹೇಳಿಕಳಿಸುತ್ತಿದ್ದೆ.

ಆಮೇಲೆ ಒಂದು ಮಳೆಗಾಲ ಬೇತಮಂಗಲದ ಕೆರೆ ಕೋಡಿ ಹೋಗುವಷ್ಟು ಮಳೆ ಬಂದು, ರೈಲು ನಿಂತು, ಬೆಳಗಿನ ಹೆಂಗಸರು ಸಂಜೆಯ ತನಕ ಶೆಡ್ಡಿನಲ್ಲೇ ಸಿಕ್ಕಿಬಿದ್ದರು. ಸೂಲಗಿತ್ತಿ ಅನ್ನ ಸಾರು ತಂದಳು. ದಿಮ್ಮಿಯವ ಬೆಂಕಿ ಮಾಡಿದ. ಮೂರು ಪಾಳಿಯವರೂ ಒಂದೇ ಪಂಕ್ತಿಯಲ್ಲಿ ಉಂಡರು. ಒಳ್ಳೆಯ ಜನ, ಒಳ್ಳೆಯ ಊಟ, ಸ್ನೇಹ ಬೆಳೆಯಿತು. ಸ್ನೇಹ ಬೆಳೆದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಉದಾರಬುದ್ಧಿ ಬಂತು: ‘ಓಗ್ಲಿ, ಅವ್ರು ಆಕಿದ್ದು ಅಂಗೇ ಇರ್ಲಿ ಬಿಡು.’

ಚಾಪೆ ಬೆಳೆಯತೊಡಗಿತು.

ನಾನು ಹೋಗಿ ನೋಡಿದಾಗ ಆರು ಊರುಗೋಲು. ಮುಂದಿನ ವಾರ ಏಳು. ಒಂದೆಳೆ ಎರಡೆಳೆಗೆ ತಿರುಗಿ, ಎರಡೆಳೆ ಮೂರೆಳೆಗೆ ತಿರುಗಿ, ಎಲ್ಲೂ ಜೋಡಣೆಯಿಲ್ಲದೆ, ಮುದ್ದಾಗಿ ಬೆಳೆಯುತ್ತಿದೆ ಹಾಳಾದ್ದು. ಹೀಗೇ ಆದರೆ ಎರಡು ತಿಂಗಳಲ್ಲಿ ಮುಗಿಯುತ್ತದೆ, ಮೇಸ್ತ್ರಿ ಕೊಟ್ಟಿಗೆಗೆ ಹೋಗುತ್ತಾನೆ. ಅವನ ಕೆಮ್ಮು ಆಗ ಎಷ್ಟು ಜೋರಾಗಿತ್ತೆಂದರೆ ಕೆಮ್ಮಿದಾಗ ಬೆಕ್ಕು ಎದ್ದು ಹೋಗುತ್ತಿತ್ತು. ನಾನು ಓರಗಿತ್ತಿಯ ಹತ್ತಿರ, ‘ಲೈನಿನವರು ನಿಮ್ಮ ಹೆಣಿಗೆ ನೋಡಿ ನಕ್ಕರಂತೆ’ ಅಂತ ಚುಚ್ಚಿದೆ. ಅವಳು ನಕ್ಕು, ‘ನಗ್ಲಿ ಬಿಡೇ, ನಕ್ರೆ ಆಯಸ್ಸು’ ಅಂದಳು. ಜಗಳ ಹಚ್ಚುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ.

ಹಾಗಾಗಿ ಮೇಸ್ತ್ರಿಯೂ ನಾನೂ ಬಿಚ್ಚಬೇಕಾಯಿತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಅವನು ಒಂಟಿಕಾಲು ಚಾಚಿ ಕೂತು ಬಿಚ್ಚುತ್ತಿದ್ದ. ಭಾನುವಾರ ನಾನು ಸೇರಿಕೊಳ್ಳುತ್ತಿದ್ದೆ. ‘ಇಷ್ಟು ಜನಕ್ಕೆ ಎಣ್ಯೋದು ಕಲಿಸ್ದೆ,’ ಅಂದ ಒಂದು ಸಲ. ‘ಬಿಚ್ಚೋಕೆ ಸಾಕಾಗ್ತಿಲ್ಲ.’ ಹಾಗಂತ ನಗಲು ಹೋಗಿ ಕೆಮ್ಮಿದ.

ಒಂದು ಬೆಳಗ್ಗೆ ರೈಲು ಮುಂಚೆ ಬಂತು. ಬಾಗಿಲಲ್ಲಿ ಓರಗಿತ್ತಿ ನಿಂತಿದ್ದಳು. ಮೇಸ್ತ್ರಿಯ ಮಡಿಲ ತುಂಬ ಬಿಚ್ಚಿದ ಎಸಳು. ಅವಳು ನೋಡಿದಳು, ಮಡಿಸಿಟ್ಟ ಕಂಬಳಿ, ಮೂಲೆಯ ಗಡಿಗೆ, ಗೋಡೆಗೆ ಒರಗಿಸಿದ ಊರುಗೋಲು. ಕಾಗದದಲ್ಲಿ ಬರೆದದ್ದು ಎಲ್ಲರಿಗೂ ಗೊತ್ತಿತ್ತು. ಅವಳು ಬಂದು ಕೂತು, ತನ್ನ ಕಡೆಯ ಅಂಚು ಬಿಚ್ಚತೊಡಗಿದಳು. ಮಧ್ಯಾಹ್ನ ಲೈನಿನವರು ಆ ಬಿಚ್ಚಿದ ಎಸಳಿನ ರಾಶಿ ನೋಡಿ, ತಾವು ಹಾಕಿದಷ್ಟನ್ನು ತಾವೇ ಬಿಚ್ಚಿ ಎದ್ದರು. ಸಂಜೆ ದಿಮ್ಮಿಯವ ಚಾಪೆಯನ್ನು ತಟ್ಟಿ, ಬಿಗಿಯಾಗಿದ್ದದ್ದನ್ನೇ, ‘ಸಡ್ಲ ಐತೆ, ಕೆಡವಿ’ ಅಂದ.

ಅವತ್ತಿನಿಂದ ಪ್ರತಿಯೊಬ್ಬರೂ ತಾವು ಹೆಣೆದದ್ದನ್ನು ತಾವೇ ಬಿಚ್ಚಿ ಮನೆಗೆ ಹೋಗುತ್ತಿದ್ದರು. ಯಾರೂ ಯಾರಿಗೂ ಹೇಳಲಿಲ್ಲ, ಮೇಸ್ತ್ರಿಗಂತೂ ಮೊದಲೇ ಇಲ್ಲ. ಅವನು ನೊಂದುಕೊಳ್ಳುತ್ತಾನಲ್ಲ. ಐದು ವರ್ಷ ಹಾಗೆ ನಡೆಯಿತು. ನಾನು ಇವತ್ತಿಗೂ ಯೋಚಿಸುತ್ತೇನೆ: ಇಷ್ಟು ಕೆಲಸಕ್ಕೆ ಕೂಲಿ ಕೊಟ್ಟು ಮಾಡಿಸಲು ಹೋಗಿದ್ದರೆ ಒಂದು ವಾರ ನಡೆಯುತ್ತಿರಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಮೇಸ್ತ್ರಿ ಹೋದ. ಅವನ ಮೂಲೆಯಲ್ಲೇ, ಅವನ ಕಂಬಳಿಯ ಮೇಲೆ, ಸುತ್ತ ಬೆಳಗಿನ ಪಾಳಿಯವರು ಹೆಣೆಯುತ್ತಿರುವಾಗ ಹೋದ. ಎರಡು ದಿನ ಮೊದಲು ನನ್ನನ್ನು ಕರೆದು, ‘ನಾನು ಓದ ಮೇಲೆ ಅದನ್ನ ಮುಗಿಸ್ಬುಡಿ ಅಕ್ಕಯ್ಯ. ಮಾತು ಕೊಟ್ಟಿದ್ದೀಯ,’ 
ಅಂದಿದ್ದ. ಅವನನ್ನು ಸುತ್ತಲು ಒಂದೆಳೆ ಚಾಪೆ ಬೇಕು ಅಂದಳು ಸೂಲಗಿತ್ತಿ. ಅವಳ ಕಡೆಯವರು ಒಂದೆಳೆ ಹೆಣೆಯುವುದು ಅಪರೂಪ, ಕೈ ತಡವರಿಸಿತು. ನನ್ನ ಓರಗಿತ್ತಿ ಪಕ್ಕದಲ್ಲಿ ಕೂತು ಎಸಳು ಎಸಳಾಗಿ ತೋರಿಸಿಕೊಟ್ಟಳು. ಆ ಚಾಪೆಯಲ್ಲಿ ಯಾರೂ ಏನನ್ನೂ ತಿದ್ದಲಿಲ್ಲ.

ದೊಡ್ಡ ಚಾಪೆ ಹದಿನೆಂಟು ದಿನಕ್ಕೆ ಮುಗಿಯಿತು. ನಕ್ಷತ್ರ, ಒಂದೆಳೆ, ಎರಡೆಳೆ, ಮೂರೆಳೆ. ಹನ್ನೆರಡು ಊರುಗೋಲು, ಒಂದೂ ಜೋಡಣೆಯಿಲ್ಲ. ಸುರುಳಿ ಸುತ್ತಿ ನಲವತ್ತು ಜನ ಹೆಗಲ ಮೇಲೆ ಹೊತ್ತುಕೊಂಡು ಹಾಲಿಗೆ ಹೋದರೆ, ಆ ದೊರೆ, ದೊರೆಸಾನಿ ತಮ್ಮ ಸೀಮೆಗೆ ಹೋಗಿ ವರ್ಷಗಳಾಗಿತ್ತು. ಹೊಸ ದೊರೆಗೆ ಇದು ಏನು ಅಂತಲೇ ತಿಳಿಯಲಿಲ್ಲ. ತಲೆ ನರೆತಿದ್ದ ಗುಮಾಸ್ತ ಕಾಗದ ಓದಿ ಹೇಳಿದ. ಹಾಸಿಸಿದರು. ಮರುವಾರ ಲಾಯ ಖಾಲಿ ಮಾಡಿ ಕೊಟ್ಟೆವು. ಹೆಣಿಗೆ ಈಗ ಬಂಗಾರಪೇಟೆಯಲ್ಲಿ, ನನ್ನ ಅಂಗಡಿಯ ಹಿಂದಿನ ಚಪ್ಪರದಲ್ಲಿ ನಡೆಯುತ್ತದೆ. ಲೈನಿನವರು ಸಂಜೆ ರೈಲಿಗೆ ಬರುತ್ತಾರೆ. ದೊರೆಗಳ ಹಾಲಿನಲ್ಲಿ ಇದುವರೆಗೆ ಯಾರೂ ಎಡವಿಲ್ಲವಂತೆ.

ನೀವೂ ಇಂಥದ್ದೊಂದನ್ನು ಕಟ್ಟಲು ಹೊರಟಿದ್ದರೆ ನನ್ನ ಮಾತು ಕೇಳಿ. ಗರಿಯನ್ನು ಮಳೆ ನಿಂತ ಮೇಲೆ ಕೊಯ್ಯಿರಿ, ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ ಒಣಗಿದ್ದು ಬೆರಳು ಕೊಯ್ಯುತ್ತದೆ. ಜಾಗ ಕೇಳುವಾಗ ವರ್ಷ, ತಿಂಗಳು ಬರೆಸಿಕೊಳ್ಳಬೇಡಿ. ಕೆಲಸ ಮುಗಿಯುವವರೆಗೆ ಅಂತ ಬರೆಸಿ, ಕಾಗದ ನೀವೇ ತಗೊಂಡು ಹೋಗಿ. ಮಾತಾಡುವುದು ಗಂಡನ ಹತ್ತಿರವಾದರೂ ಬಿದ್ದವಳು ಯಾರು ಅಂತ ಮೊದಲು ವಿಚಾರಿಸಿ. ಕೂಲಿ ಕೇಳದೆ ಬಂದವರ ಕೆಲಸವನ್ನು ಅಳೆಯಲು ಹೋಗಬೇಡಿ. ಒಟ್ಟಿಗೆ ಉಣ್ಣಲು ಹಾಕುವುದಾದರೆ ಅದರಿಂದ ಏನಾಗುತ್ತದೆ ಅಂತ ಮೊದಲೇ ಯೋಚಿಸಿಕೊಂಡಿರಿ. ಅಷ್ಟರ ಮೇಲೂ ಕದ್ದು ನೋಡಲೇಬೇಕು ಅನ್ನಿಸಿದರೆ ತೊಂಬೆಯೊಳಗೆ ಕಡಲೆಪುರಿ ಬೇಡ, ಬಾಳೆಹಣ್ಣು ಇಟ್ಟುಕೊಳ್ಳಿ, ಒಂದು ಚೊಂಬು ನೀರು ಮರೆಯಬೇಡಿ. ಎಮ್ಮೆ ಕೊಳ್ಳುವಾಗ ಹಾಲೆಷ್ಟು ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ.